ಮೊದಲ ಗಂಟೆಯಿಂದ ಮೂರನೆಯ ತಿಂಗಳವರೆಗೆ: ಕುಂದಾಪುರ ಸೀಮೆಯಲ್ಲಿ ಹೃದಯ ಚಿಕಿತ್ಸೆ ನಡೆದುಬಂದ ಹಾದಿ

ಹೃದಯಾಘಾತಕ್ಕೆ ಒಳಗಾದವರ ಜೀವ ಉಳಿಸುವ ವಿದ್ಯೆ ಮತ್ತು ಹಾಗೆ ಉಳಿದವರನ್ನು ಅವರ ಮನೆಗೂ ದುಡಿಮೆಗೂ ಮರಳಿಸುವ ವಿದ್ಯೆ, ಇವೆರಡೂ ಕಳೆದ ಶತಮಾನದ ನಡುಗಾಲದಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಚಿಗುರಿ, ಆಮೇಲೆ ಬೇರೆ ಬೇರೆ ವೇಗದಲ್ಲಿ ಬೆಳೆದವು. ಮೊದಲನೆಯದಕ್ಕೆ ಕಂಪ್ಯೂಟರ್ ಮತ್ತು ದೂರಸಂಪರ್ಕ ಜೊತೆಗೂಡಿದ್ದರಿಂದ ಅದು ಹಳ್ಳಿಯ ಬಾಗಿಲಿನವರೆಗೂ ಬಂದಿತು. ಎರಡನೆಯದು, ಅಂದರೆ ಹೃದಯ ಪುನಶ್ಚೇತನ ಎಂದು ಕರೆಯಲಾಗುವ ಶಾಸ್ತ್ರ, ದೊಡ್ಡ ಆಸ್ಪತ್ರೆಗಳ ಆವರಣವನ್ನು ಇನ್ನೂ ಪೂರ್ತಿಯಾಗಿ ದಾಟಿಲ್ಲ. ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲ್ಲೂಕುಗಳಲ್ಲಿ ಹೃದಯ ಚಿಕಿತ್ಸೆ ನಡೆದುಬಂದ ಹಾದಿಯನ್ನು ದಾಖಲಿಸುವಾಗ ಈ ಅಂತರವನ್ನೇ ಮುಖ್ಯ ಸಂಗತಿಯಾಗಿ ಗಮನಿಸಬೇಕಾಗುತ್ತದೆ. ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಕಾರ್ಯವು ಕರಾವಳಿಗೆ ಮೊದಲ ವಿದ್ಯೆಯನ್ನು ಯಾವ ದಾರಿಯಲ್ಲಿ ತಲುಪಿಸಿತೋ, ಎರಡನೆಯದಕ್ಕೂ ಅದೇ ದಾರಿ ಒದಗಬಲ್ಲದು ಎಂಬುದು ಈ ಲೇಖನದ ನಿಲುವು.

1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಉಡುಪಿ ಜಿಲ್ಲೆ ರೂಪುಗೊಂಡಾಗ ಅದರಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲ್ಲೂಕುಗಳಿದ್ದವು. ಉಡುಪಿಯಿಂದ ಬ್ರಹ್ಮಾವರವೂ ಕುಂದಾಪುರದಿಂದ ಬೈಂದೂರೂ ಬೇರೆಯಾದದ್ದು ಆಮೇಲೆ. ಬ್ರಹ್ಮಾವರ, ಕುಂದಾಪುರ, ಬೈಂದೂರು ಈ ಮೂರೂ ಪೇಟೆಗಳನ್ನು ರಾಷ್ಟ್ರೀಯ ಹೆದ್ದಾರಿ 66 ಒಂದೇ ದಾರದಲ್ಲಿ ಪೋಣಿಸಿದೆ. ಹೆದ್ದಾರಿಯ ಲೆಕ್ಕದಲ್ಲಿ ದೂರ ಹೆಚ್ಚೇನೂ ಅಲ್ಲ. ಉಡುಪಿಯಿಂದ ಕುಂದಾಪುರಕ್ಕೆ 40 ಕಿಲೋಮೀಟರಿನ ಒಳಗೆ, ಅಲ್ಲಿಂದ ಬೈಂದೂರಿಗೆ ಹೆಚ್ಚುಕಡಿಮೆ ಅಷ್ಟೇ. ಆದರೆ ಮನೆಗಳೆಲ್ಲ ಹೆದ್ದಾರಿಯ ಬದಿಯಲ್ಲಿಲ್ಲ. ಘಟ್ಟದ ಬುಡದ ಅಮಾಸೆಬೈಲು, ಹೊಸಂಗಡಿ, ಜಡ್ಕಲ್, ಮುದೂರು, ಕೊಲ್ಲೂರಿನ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಹಾಡಿ, ತೋಟ, ತೋಡುಗಳಿರುತ್ತವೆ, ಮತ್ತು ಮಳೆಗಾಲದ ನಾಲ್ಕು ತಿಂಗಳು ಅಂಗಳದವರೆಗೆ ವಾಹನ ಬರುವುದೇ ಕಷ್ಟವಾಗುತ್ತದೆ. ಕಡಲ ಬದಿಯ ಕಷ್ಟ ಬೇರೆ ಬಗೆಯದು. ಗಂಗೊಳ್ಳಿಯ ಬಂದರಿನಲ್ಲಿ ನಿಂತರೆ ಪಂಚಗಂಗಾವಳಿಯ ಆಚೆ ದಡದಲ್ಲಿ ಕುಂದಾಪುರ ಕಣ್ಣಿಗೆ ಕಾಣುತ್ತದೆ. ಆದರೆ ಎದೆನೋವಿನವರನ್ನು ದೋಣಿಯಲ್ಲಿ ದಾಟಿಸುವಂತಿಲ್ಲ, ತ್ರಾಸಿ, ಹೆಮ್ಮಾಡಿಗಳನ್ನು ಬಳಸಿಕೊಂಡು ರಸ್ತೆಯಲ್ಲೇ ಹೋಗಬೇಕು. ಆಂಜಿಯೋಪ್ಲಾಸ್ಟಿ, ಅಂದರೆ ಮುಚ್ಚಿಹೋದ ರಕ್ತನಾಳದೊಳಗೆ ತೆಳುವಾದ ಕೊಳವೆಯನ್ನು ತೂರಿಸಿ ಅದನ್ನು ತೆರೆಯುವ ಚಿಕಿತ್ಸೆ, ಇರುವ ದೊಡ್ಡ ಕೇಂದ್ರಗಳಿಗೆ ಈ ಸೀಮೆಯವರು ಬಹುಕಾಲ ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತ ಬಂದವರು, ಮತ್ತು ಬೈಂದೂರಿನಿಂದ ಮಂಗಳೂರು ಸುಮಾರು 125 ಕಿಲೋಮೀಟರ್ ದೂರದಲ್ಲಿದೆ.

ಈ ದೂರ ಏಕೆ ಇಷ್ಟು ಮುಖ್ಯವೆಂಬುದನ್ನು ತಿಳಿಯಲು ರೋಗದ ಸ್ವರೂಪವನ್ನು ಅರಿಯಬೇಕು. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಪರಿಧಮನಿಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ಉಬ್ಬಿದ ಭಾಗವು ಒಂದು ದಿನ ಬಿರಿದಾಗ, ಆ ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಆ ನಾಳವನ್ನೇ ನೆಚ್ಚಿಕೊಂಡಿದ್ದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ, ಸತ್ತ ಭಾಗ ಮತ್ತೆ ಬೆಳೆಯುವುದಿಲ್ಲ, ಅಲ್ಲಿ ಗಾಯದ ಕಲೆ ಮಾತ್ರ ಉಳಿಯುತ್ತದೆ. ಆದ್ದರಿಂದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನಾಗಲಿ ಆಂಜಿಯೋಪ್ಲಾಸ್ಟಿಯನ್ನಾಗಲಿ ಎಷ್ಟು ಬೇಗ ಮಾಡಿದರೆ ಅಷ್ಟು ಸ್ನಾಯು ಉಳಿಯುತ್ತದೆ, ಮೊದಲ ಗಂಟೆಯಲ್ಲಿ ಉಳಿಯುವಷ್ಟು ಮುಂದಿನ ಯಾವ ಗಂಟೆಯಲ್ಲಿಯೂ ಉಳಿಯುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಕ್ಸೇವಿಯರ್, ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ರೋಗಿಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ಅಧ್ಯಯನದಲ್ಲಿ, ನೋವು ಶುರುವಾದಾಗಿನಿಂದ ಆಸ್ಪತ್ರೆ ಸೇರುವವರೆಗಿನ ಮಧ್ಯಕ ಅವಧಿ 360 ನಿಮಿಷವೆಂದು ಕಂಡುಬಂದಿತು. ಎಂದರೆ ಅರ್ಧದಷ್ಟು ರೋಗಿಗಳು ಆರು ಗಂಟೆ ಕಳೆದ ಮೇಲೆಯೇ ವೈದ್ಯರ ಮುಖ ಕಂಡವರು. ಈ ಆರು ಗಂಟೆಗಳೆಲ್ಲವೂ ದಾರಿಯಲ್ಲಿ ಕಳೆದವಲ್ಲ. ಎದೆಯ ಉರಿ, ಒತ್ತಿದ ಹಾಗಿನ ಸಂಕಟ, ಎಡಗೈಯ ಸೆಳೆತ, ತಣ್ಣನೆಯ ಬೆವರು ಇವುಗಳಿಗೆ ‘ಗ್ಯಾಸ್’ ಎಂಬ ಒಂದೇ ಹೆಸರಿಟ್ಟು, ಜೀರಿಗೆ ಕಷಾಯವನ್ನೋ ಅಂಗಡಿಯ ಸೋಡಾವನ್ನೋ ಕುಡಿದು, ಬೆಳಗಾಗಲಿ ಎಂದು ಮಲಗುವ ಅಭ್ಯಾಸವೂ ಅದರಲ್ಲಿ ಸೇರಿದೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಬಂದ ಮೇಲೆ ದಾರಿಯ ಕಷ್ಟ ತಕ್ಕಮಟ್ಟಿಗೆ ಕಡಿಮೆಯಾಯಿತು, ಆದರೆ ಇದು ಹೃದಯದ ನೋವೋ ಅಲ್ಲವೋ ಎಂದು ಊರಿನಲ್ಲೇ ತೀರ್ಮಾನಿಸುವ ಸಾಧನ ಇನ್ನೂ ಬಂದಿರಲಿಲ್ಲ.

ಆ ಸಾಧನವೆಂದರೆ ಇಸಿಜಿ, ಹೃದಯದ ವಿದ್ಯುತ್ ಚಟುವಟಿಕೆಯನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಯಂತ್ರ. ಯಂತ್ರ ದೊರೆತರೂ ಗೆರೆಯನ್ನು ಓದಬಲ್ಲವರು ಬೇಕು. ಓದಬಲ್ಲ ತಜ್ಞರು ನಗರದಲ್ಲಿ, ರೋಗಿ ಹಳ್ಳಿಯಲ್ಲಿ. ಈ ತೊಡಕನ್ನು ಬಿಡಿಸಲು ಡಾ. ಕಾಮತ್ ಅವರು ಆಯ್ದುಕೊಂಡ ಉಪಾಯದಲ್ಲಿ ಹೊಸ ಯಂತ್ರವಾಗಲಿ ದುಬಾರಿ ತಂತ್ರಾಂಶವಾಗಲಿ ಇರಲಿಲ್ಲ. ಹಳ್ಳಿಯ ವೈದ್ಯರ ಜೇಬಿನಲ್ಲಿ ಆಗಲೇ ಇದ್ದ ಮೊಬೈಲ್ ಫೋನನ್ನೂ ಅದರೊಳಗಿನ ವಾಟ್ಸ್ಆ್ಯಪ್ ಅನ್ನೂ ಅವರು ವೈದ್ಯಕೀಯ ಉಪಕರಣವನ್ನಾಗಿ ಮಾಡಿಕೊಂಡರು. ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳ ವೈದ್ಯರೂ ಹೃದ್ರೋಗ ತಜ್ಞರೂ ಕೂಡಿದ ಗುಂಪುಗಳನ್ನು ಕಟ್ಟಿ, ಗ್ರಾಮೀಣ ವೈದ್ಯರು ಇಸಿಜಿಯ ಚಿತ್ರ ಕಳುಹಿಸಿದೊಡನೆ ತಜ್ಞರು ಅದನ್ನು ಓದಿ ಮುಂದೇನು ಮಾಡಬೇಕೆಂದು ತಿಳಿಸುವ ಕ್ರಮವನ್ನು ಅವರು ರೂಢಿಸಿದರು, ಜೊತೆಗೆ ಯಂತ್ರವೇ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದಾನಿಗಳ ನೆರವಿನಿಂದ ಇಸಿಜಿ ಯಂತ್ರಗಳನ್ನು ಒದಗಿಸುತ್ತ ಬಂದರು. ಕೆಲಸದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿದರೆ ‘ಸಿಎಡಿ’ ಎಂದಾಗುತ್ತದೆ, ಪರಿಧಮನಿಯ ಕಾಯಿಲೆಗೆ ವೈದ್ಯರು ಬಳಸುವ ಸಂಕ್ಷೇಪವೂ ಅದೇ.

ಆರೋಗ್ಯ ಕೇಂದ್ರದ ಮಂಚದ ಬಳಿ ಈ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಿದರೆ ಅದರ ಸರಳತೆಯೂ ಕಷ್ಟವೂ ಒಟ್ಟಿಗೆ ತಿಳಿಯುತ್ತವೆ. ಬೆವರಿನಿಂದ ಒದ್ದೆಯಾದ ಎದೆಯನ್ನು ಬಟ್ಟೆಯಿಂದ ಒರೆಸಿ, ಜೆಲ್ಲಿ ಸವರಿ, ಎದೆಯ ಮೇಲೆ ಆರು ಕಡೆ ರಬ್ಬರಿನ ಬುರುಡೆಗಳನ್ನು ಅಂಟಿಸಿ, ಕೈಕಾಲುಗಳಿಗೆ ನಾಲ್ಕು ಕ್ಲಿಪ್ಪುಗಳನ್ನು ಹಾಕಲಾಗುತ್ತದೆ. ಈ 10 ಸಂಪರ್ಕಗಳಿಂದ ಯಂತ್ರವು ಹೃದಯವನ್ನು 12 ಕೋನಗಳಿಂದ ನೋಡುತ್ತದೆ. ಚೌಕಳಿ ಹಾಕಿದ ತಿಳಿಗುಲಾಬಿ ಕಾಗದ ಸೆಕೆಂಡಿಗೆ 25 ಮಿಲಿಮೀಟರಿನಂತೆ ಹೊರಬರುತ್ತದೆ, ಅದರ ಒಂದು ಸಣ್ಣ ಚೌಕವೆಂದರೆ ಸೆಕೆಂಡಿನ 25ರಲ್ಲಿ ಒಂದು ಭಾಗ. ತಜ್ಞರ ಕಣ್ಣು ಮೊದಲು ಹುಡುಕುವುದು ಎಸ್‌ಟಿ ಎಂಬ ಭಾಗವನ್ನು; ಬಡಿತದ ಚೂಪು ಮೊನೆ ಇಳಿದ ಮೇಲೆ ತಳದ ಗೆರೆಗೆ ಮರಳಬೇಕಾದ ಆ ತುಣುಕು, ಅಕ್ಕಪಕ್ಕದ ಎರಡು ಕೋನಗಳಲ್ಲಿ ಒಂದೆರಡು ಚೌಕದಷ್ಟು ಮೇಲೇ ನಿಂತುಬಿಟ್ಟಿದ್ದರೆ ನಾಳ ಪೂರ್ತಿ ಮುಚ್ಚಿರುವ ಸಂಭವ ಹೆಚ್ಚು. ಒಂದು ಮಿಲಿಮೀಟರಿನ ಈ ಏರುಪೇರನ್ನು ಫೋನಿನ ಚಿತ್ರದಲ್ಲಿ ಕಾಣಬೇಕಾದ್ದರಿಂದ ಕಾಗದವನ್ನು ಮಡಿಕೆಯಿಲ್ಲದಂತೆ ಮೇಜಿನ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಸುರುಳಿಯಾಗದಂತೆ ತುದಿಗಳನ್ನು ಒತ್ತಿ ಹಿಡಿದು, ಟ್ಯೂಬ್‌ಲೈಟಿನ ಹೊಳಪಾಗಲಿ ಕೈಯ ನೆರಳಾಗಲಿ ಬೀಳದಂತೆ ನೇರ ಮೇಲಿನಿಂದ ಚಿತ್ರ ತೆಗೆಯಬೇಕಾಗುತ್ತದೆ. ಮೊದಲ ಇಸಿಜಿ ಸರಿಯಾಗಿದ್ದ ಮಾತ್ರಕ್ಕೆ ರೋಗಿಯನ್ನು ಮನೆಗೆ ಕಳುಹಿಸುವಂತಿಲ್ಲ. ನೋವು ಉಳಿದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ತೆಗೆಯಬೇಕು. ಇಂಥ ಸಣ್ಣ ಸಣ್ಣ ಶಿಸ್ತುಗಳನ್ನು ದಾದಿಯರಿಗೂ ಯುವ ವೈದ್ಯರಿಗೂ ರೂಢಿ ಮಾಡಿಸುವುದು ಯಂತ್ರ ಕೊಡಿಸುವುದಕ್ಕಿಂತ ದೊಡ್ಡ ಕೆಲಸವೆಂದು ಹೇಳಬೇಕು. ಗುಂಪಿನಲ್ಲಿ ದಿನವೂ ಬೀಳುವ ಚಿತ್ರಗಳನ್ನೂ ಅವುಗಳಿಗೆ ಬರುವ ಉತ್ತರಗಳನ್ನೂ ಓದುತ್ತ ಹಳ್ಳಿಯ ವೈದ್ಯರು ತಾವೇ ಗೆರೆ ಓದಲು ಕಲಿಯುತ್ತಾರೆಂಬುದು ಈ ಕ್ರಮದ ಇನ್ನೊಂದು ಲಾಭ.

ಇಸಿಜಿಯನ್ನು ತಂತಿಯ ಮೂಲಕ ಕಳುಹಿಸುವ ಆಲೋಚನೆ ಇಸಿಜಿಯಷ್ಟೇ ಹಳೆಯದು. ಅದನ್ನು ರೂಪಿಸಿದ ನೆದರ್ಲೆಂಡಿನ ವಿಲ್ಲೆಮ್ ಐಂತೋವನ್ ಅವರ ಯಂತ್ರ ಒಂದು ಕೋಣೆಯನ್ನೇ ತುಂಬುವಷ್ಟು ದೊಡ್ಡದಾಗಿದ್ದು, ಅದನ್ನು ರೋಗಿಯ ಬಳಿಗೆ ಒಯ್ಯುವುದು ಸಾಧ್ಯವಿರಲಿಲ್ಲವಾದ್ದರಿಂದ, ಅವರು 1905ರಲ್ಲಿ ಲೈಡನ್ ನಗರದ ಆಸ್ಪತ್ರೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ದೂರವಾಣಿ ತಂತಿಯ ಮೂಲಕ ರೋಗಿಗಳ ಹೃದಯದ ಸಂಕೇತವನ್ನು ತರಿಸಿಕೊಂಡರು. ಕಂಪ್ಯೂಟರ್ ವೈದ್ಯಕೀಯಕ್ಕೆ ಕಾಲಿಟ್ಟಾಗಲೂ ಅದನ್ನು ಬರಮಾಡಿಕೊಂಡವರ ಮುಂಚೂಣಿಯಲ್ಲಿ ಹೃದ್ರೋಗ ತಜ್ಞರಿದ್ದರು. ಅಮೆರಿಕದ ಹ್ಯೂಬರ್ಟ್ ಪಿಪ್‌ಬರ್ಗರ್ 1950ರ ದಶಕದ ಕೊನೆಯಲ್ಲಿ ಇಸಿಜಿಯ ಗೆರೆಯನ್ನು ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೆ ಓದಿಸಲು ತೊಡಗಿದರು. ಸಾಲ್ಟ್ ಲೇಕ್ ಸಿಟಿಯ ಹೋಮರ್ ವಾರ್ನರ್ 1961ರಲ್ಲಿ ಸಂಭವನೀಯತೆಯ ಗಣಿತದಿಂದ ಜನ್ಮಜಾತ ಹೃದ್ರೋಗಗಳನ್ನು ಗುರುತಿಸುವ ಕ್ರಮವನ್ನು ಪ್ರಕಟಿಸಿದರು. ಬಾಸ್ಟನ್ನಿನ ಆಕ್ಟೋ ಬಾರ್ನೆಟ್ ಅವರ ತಂಡವು ಅದೇ ದಶಕದಲ್ಲಿ ರೋಗಿಗಳ ದಾಖಲೆಗಳನ್ನು ಇರಿಸಲೆಂದೇ ‘ಮಂಪ್ಸ್’ ಎಂಬ ಕಂಪ್ಯೂಟರ್ ಭಾಷೆಯನ್ನು ಕಟ್ಟಿತು. ಕರ್ನಾಟಕದಲ್ಲಿ ಈ ಎಳೆಯನ್ನು ಮುಂದಕ್ಕೆ ತಂದವರಲ್ಲಿ ಕರಾವಳಿಯ ಕಿನ್ನಿಗೋಳಿಯವರಾದ ಡಾ. ದೇವಿ ಪ್ರಸಾದ್ ಶೆಟ್ಟಿಯವರನ್ನು ನೆನೆಯಬೇಕು. ಅವರ ನಾರಾಯಣ ಹೃದಯಾಲಯವು 2002ರಲ್ಲಿ ಇಸ್ರೋದ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ತಜ್ಞರ ಸಲಹೆಯನ್ನು ಒದಗಿಸಿತು. ಡಾ. ಚರಿತ್ ಭೋಗರಾಜ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಟ್ರೈಕಾಗ್ ಸಂಸ್ಥೆಯು ಇಸಿಜಿಯನ್ನು ಅಂತರಜಾಲದಲ್ಲಿ ತರಿಸಿಕೊಂಡು, ಕೃತಕ ಬುದ್ಧಿಮತ್ತೆ ಮತ್ತು ವೈದ್ಯರ ಕಣ್ಣು ಎರಡನ್ನೂ ಸೇರಿಸಿ ಕೆಲವೇ ನಿಮಿಷಗಳಲ್ಲಿ ವರದಿ ಕೊಡುವ ವ್ಯವಸ್ಥೆಯನ್ನು ಬೆಳೆಸಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ನಾಡಿನಲ್ಲಿ ಮೂಡಿದ ಎಚ್ಚರದ ಬೆನ್ನಿಗೆ, 2023ರಲ್ಲಿ ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳನ್ನು ಗಾಲಿಯ ಗುಂಭದಂತೆಯೂ ತಾಲ್ಲೂಕು ಆಸ್ಪತ್ರೆಗಳನ್ನು ಅರಗಳಂತೆಯೂ ಜೋಡಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಈ ಯೋಜನೆಯಲ್ಲಿ ಇಸಿಜಿಯನ್ನು ದೂರದಿಂದ ಓದುವ ಕ್ರಮವೇ ಮೊದಲ ಮೆಟ್ಟಿಲು.

ಹೀಗೆ ಮೊದಲ ಗಂಟೆಯ ಕತೆ ಆಶಾದಾಯಕವಾಗಿಯೇ ಇದೆ. ಸ್ಟೆಂಟ್ ಹಾಕಿಸಿಕೊಂಡು ನಾಲ್ಕೈದು ದಿನಗಳಲ್ಲಿ ಮನೆಗೆ ಮರಳಿದವರ ಮುಂದಿನ ಮೂರು ತಿಂಗಳುಗಳತ್ತ ತಿರುಗಿದರೆ ಚಿತ್ರ ಬದಲಾಗುತ್ತದೆ. ಚೀಲ ತುಂಬ ಮಾತ್ರೆ, ಒಂದು ಡಿಸ್ಚಾರ್ಜ್ ಸಾರಾಂಶ, ‘ರೆಸ್ಟ್ ಮಾಡಿ, ಭಾರ ಎತ್ತಬೇಡಿ’ ಎಂಬ ಒಂದು ಮಾತು, ಹೆಚ್ಚಿನವರು ಹೊತ್ತು ತರುವುದು ಇಷ್ಟನ್ನೇ. ಎಷ್ಟು ದಿನ ವಿಶ್ರಾಂತಿ, ಎಷ್ಟು ಭಾರ, ಯಾವಾಗಿನಿಂದ ಗುಡ್ಡೆ ಹತ್ತಬಹುದು, ದಂಪತಿಗಳ ನಿತ್ಯಜೀವನ ಯಾವಾಗ ಮೊದಲಿನಂತಾಗಬಹುದು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ, ಮನೆಯವರು ಅಂಜಿಕೆಯಿಂದ ರೋಗಿಯನ್ನು ಜಗಲಿಯ ಕುರ್ಚಿಯಲ್ಲೇ ಕೂರಿಸಿಬಿಡುತ್ತಾರೆ. ಈ ಅಂಜಿಕೆಗೆ ಶಾಸ್ತ್ರದ ಬೆಂಬಲ ಒಂದು ಕಾಲದಲ್ಲಿ ಇತ್ತೆಂಬುದನ್ನೂ ಒಪ್ಪಬೇಕು.

ಎದೆಶೂಲೆಯನ್ನು 1772ರಲ್ಲಿ ಮೊದಲಿಗೆ ವಿವರವಾಗಿ ಬಣ್ಣಿಸಿದ ಇಂಗ್ಲೆಂಡಿನ ವಿಲಿಯಂ ಹೆಬರ್ಡೆನ್, ದಿನವೂ ಅರ್ಧ ಗಂಟೆ ಮರ ಕೊಯ್ಯುವ ಕೆಲಸವನ್ನು ತಾನೇ ಹಚ್ಚಿಕೊಂಡ ಒಬ್ಬ ರೋಗಿ ಬಹುಪಾಲು ಗುಣವಾದದ್ದನ್ನು ದಾಖಲಿಸಿದ್ದರು. ಆ ಮಾತನ್ನು ವೈದ್ಯಲೋಕ ಮರೆಯಿತು. 1939ರಲ್ಲಿ ಮ್ಯಾಲರಿ ಮತ್ತು ಸಂಗಡಿಗರು ಸತ್ತ ಹೃದಯಸ್ನಾಯು ಗಟ್ಟಿಯಾದ ಕಲೆಯಾಗಲು ವಾರಗಟ್ಟಲೆ ಹಿಡಿಯುತ್ತದೆಂದು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲಂತೂ ಆರು ವಾರ ಹಾಸಿಗೆ ಬಿಟ್ಟೇಳಬಾರದೆಂಬುದು ನಿಯಮವೇ ಆಯಿತು. ಈ ನಿಯಮವನ್ನು ಮೊದಲು ಸಡಿಲಿಸಿದ್ದು ಒಂದು ಕುರ್ಚಿ. ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ, ರೋಗಿಗಳನ್ನು ಹಾಸಿಗೆಯಿಂದ ಬೇಗ ಎಬ್ಬಿಸಿ ಒರಗುಕುರ್ಚಿಯಲ್ಲಿ ಕೂರಿಸಿದರೆ ಕೇಡಿಲ್ಲ, ಮೇಲೇ ಆಗುತ್ತದೆಂದು ವರದಿ ಮಾಡಿದರು. ಮರುವರ್ಷ ಜೆರ್ರಿ ಮಾರಿಸ್ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳನ್ನು ಅಧ್ಯಯನ ಮಾಡಿ, ದಿನವಿಡೀ ಕೂತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯೆಂದು ತೋರಿಸಿದರು. 1955ರ ಸೆಪ್ಟೆಂಬರ್ 24ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹೃದಯಾಘಾತಕ್ಕೆ ಒಳಗಾದಾಗ ಅವರನ್ನು ನೋಡಿಕೊಂಡ ಪಾಲ್ ಡಡ್ಲಿ ವೈಟ್ ಅವರು ರೋಗಿಯನ್ನು ಹಂತಹಂತವಾಗಿ ನಡೆಸಿ ಕೆಲಸಕ್ಕೆ ಮರಳಿಸಿದರು, ಮುಂದಿನ ವರ್ಷ ಆ ರೋಗಿ ಚುನಾವಣೆಯನ್ನೂ ಗೆದ್ದರು. ಹೃದಯಾಘಾತದ ಬಳಿಕ ಬದುಕು ಮುಗಿಯಿತೆಂಬ ಭಾವನೆಯನ್ನು ಅಳಿಸಲು ಯಾವ ಗ್ರಂಥವೂ ಮಾಡದ ಕೆಲಸವನ್ನು ಆ ಒಂದು ಉದಾಹರಣೆ ಮಾಡಿತು. ಕ್ಲೀವ್‌ಲ್ಯಾಂಡಿನ ಹರ್ಮನ್ ಹೆಲ್ಲರ್‌ಸ್ಟೈನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಕ್ಕಿನ ಕಾರ್ಖಾನೆಯ ಕೆಲಸಗಾರರು ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯಿಸುತ್ತಾರೆಂದು ಅಳೆದು, ಹೃದ್ರೋಗಿಗೆ ಯಾವ ಕೆಲಸ ತಕ್ಕದ್ದೆಂದು ಹೇಳುವ ಪದ್ಧತಿಗೆ ನೆಲೆ ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆ 1964ರಲ್ಲಿ ಹೃದ್ರೋಗಿಗಳ ಪುನಶ್ಚೇತನದ ಬಗ್ಗೆ ತಜ್ಞರ ವರದಿಯನ್ನು ಪ್ರಕಟಿಸುವ ಹೊತ್ತಿಗೆ ಈ ವಿದ್ಯೆಗೆ ಒಂದು ರೂಪ ಬಂದಿತ್ತು.

ಇಂದಿನ ಅರ್ಥದಲ್ಲಿ ಹೃದಯ ಪುನಶ್ಚೇತನವೆಂದರೆ ವ್ಯಾಯಾಮವೊಂದೇ ಅಲ್ಲ. ಅಳೆದು ಏರಿಸುವ ನಡಿಗೆ, ಆಹಾರದ ತಿದ್ದುಪಡಿ, ತಂಬಾಕು ಬಿಡಿಸುವುದು, ಮಾತ್ರೆ ತಪ್ಪದಂತೆ ನೋಡುವುದು, ಮನಸ್ಸಿನ ಕುಗ್ಗನ್ನು ಗುರುತಿಸುವುದು, ದುಡಿಮೆಗೆ ಮರಳಿಸುವುದು ಎಲ್ಲವೂ ಸೇರಿದ, ಎರಡು ಮೂರು ತಿಂಗಳ ಶಿಕ್ಷಣ ಅದು. 63 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ 2016ರ ಕಾಕ್ರೇನ್ ವಿಮರ್ಶೆಯಲ್ಲಿ, ಇಂಥ ಶಿಕ್ಷಣ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದ ಸಾವು ಶೇ. 10.4ರಿಂದ 7.6ಕ್ಕೆ ಇಳಿದಿತ್ತು. ಭಾರತದಲ್ಲಿ ಇದನ್ನು ಅಗ್ಗವಾಗಿ ಮಾಡುವುದು ಹೇಗೆಂಬ ಹುಡುಕಾಟವೂ ನಡೆದಿದೆ. 24 ಆಸ್ಪತ್ರೆಗಳ 3,959 ರೋಗಿಗಳೊಂದಿಗೆ ನಡೆದು 2020ರಲ್ಲಿ ಪ್ರಕಟವಾದ ‘ಯೋಗ-ಕೇರ್’ ಪ್ರಯೋಗವು 12 ವಾರಗಳ ಯೋಗ ಆಧಾರಿತ ಪುನಶ್ಚೇತನವನ್ನು ಪರೀಕ್ಷಿಸಿತು. ಸಾವು ಮತ್ತು ಮರುಆಘಾತಗಳಲ್ಲಿ ಖಚಿತವಾದ ವ್ಯತ್ಯಾಸ ಸಿದ್ಧವಾಗದಿದ್ದರೂ, ತಮ್ಮ ಆರೋಗ್ಯದ ಬಗ್ಗೆ ರೋಗಿಗಳಿಗಿರುವ ಭಾವನೆಯೂ ಹಿಂದಿನ ಚಟುವಟಿಕೆಗಳಿಗೆ ಮರಳುವುದೂ ಸುಧಾರಿಸಿದವು. ಮಣಿಪಾಲದ ಫಿಸಿಯೋಥೆರಪಿ ವಿಭಾಗದಲ್ಲಿ ಡಾ. ಅಬ್ರಹಾಂ ಸ್ಯಾಮ್ಯುಯೆಲ್ ಬಾಬು ಅವರು ಕಡಿಮೆ ಸೌಲಭ್ಯದ ಪ್ರದೇಶಗಳಲ್ಲಿ ಹೃದಯ ಪುನಶ್ಚೇತನದ ವಿಷಯವಾಗಿ ಬಹುಕಾಲದಿಂದ ಬರೆಯುತ್ತ ಬಂದಿದ್ದಾರೆ. ಆದರೆ ಕುಂದಾಪುರ ಸೀಮೆಗೆ ಎಲ್ಲಕ್ಕಿಂತ ಹತ್ತಿರದ ಪಾಠ ಕಲಿಸುವುದು ಡಾ. ಕ್ಸೇವಿಯರ್ ಅವರದೇ ತಂಡ 2016ರಲ್ಲಿ ಪ್ರಕಟಿಸಿದ ‘ಸ್ಪ್ರೆಡ್’ ಅಧ್ಯಯನ. 14 ಆಸ್ಪತ್ರೆಗಳ 806 ರೋಗಿಗಳಲ್ಲಿ ಅರ್ಧದಷ್ಟು ಮಂದಿಯನ್ನು, ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಆಸ್ಪತ್ರೆಯಲ್ಲಿಯೂ ಮನೆಯಲ್ಲಿಯೂ ಕಂಡು ಮಾತಾಡಿಸುತ್ತ ಬಂದಾಗ, ಒಂದು ವರ್ಷದ ಬಳಿಕ ಅವರಲ್ಲಿ ಶೇ. 97ರಷ್ಟು ಜನ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದರು, ಉಳಿದರ್ಧದಲ್ಲಿ ಶೇ. 92, ಆಹಾರ, ವ್ಯಾಯಾಮ, ತಂಬಾಕಿನ ವಿಷಯದಲ್ಲಿಯೂ ಮನೆಭೇಟಿ ಕಂಡವರೇ ಮುಂದಿದ್ದರು.

ಮನೆಬಾಗಿಲಿಗೆ ಹೋಗಿ ಸಣ್ಣದನ್ನು ದಿನವೂ ಕೂಡಿಸುವ ಕ್ರಮ ಈ ನೆಲಕ್ಕೆ ಹೊಸದಲ್ಲ. ವೃತ್ತಿಯಿಂದ ವೈದ್ಯರೇ ಆಗಿದ್ದ ಡಾ. ಟಿ.ಎಂ.ಎ. ಪೈಯವರು 1925ರಲ್ಲಿ ಸಂಗಡಿಗರೊಡನೆ ಉಡುಪಿಯಲ್ಲಿ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯು, 1928ರಿಂದ ಪಿಗ್ಮಿ ಠೇವಣಿಯೆಂಬ ಹೆಸರಿನಲ್ಲಿ, ಪ್ರತಿದಿನ ಮನೆ ಮನೆಗೆ ಅಂಗಡಿ ಅಂಗಡಿಗೆ ಏಜೆಂಟರನ್ನು ಕಳುಹಿಸಿ ಎರಡಾಣೆಯಷ್ಟು ಚಿಲ್ಲರೆಯನ್ನೂ ಉಳಿತಾಯವಾಗಿ ಸಂಗ್ರಹಿಸಿತು. ಅದೇ ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದರು, ಡಾ. ಕಾಮತ್ ಅವರ ಆಸ್ಪತ್ರೆಯೂ ಅದೇ ಪರಂಪರೆಗೆ ಸೇರಿದ್ದು. ದಿನಕ್ಕೆ ಐದು ನಿಮಿಷದ ನಡಿಗೆಯಿಂದ ಮೊದಲಾಗಿ ವಾರ ವಾರಕ್ಕೂ ಕೆಲವು ನಿಮಿಷ ಕೂಡಿಸುತ್ತ ಅರ್ಧ ಗಂಟೆಗೆ ತಲುಪುವ ಪುನಶ್ಚೇತನವು ಪಿಗ್ಮಿಯಂಥದೇ ಉಳಿತಾಯ, ಅದಕ್ಕೂ ದಿನ ತಪ್ಪದೆ ಬಾಗಿಲು ತಟ್ಟುವವರು ಬೇಕು. ಆಶಾ ಕಾರ್ಯಕರ್ತೆಯರು, ಸಮುದಾಯ ಆರೋಗ್ಯ ಅಧಿಕಾರಿಗಳು ಮತ್ತು ಅವರ ಕೈಯಲ್ಲಿರುವ ಫೋನು, ಇಷ್ಟು ಸಾಧನ ಮೂರೂ ತಾಲ್ಲೂಕುಗಳಲ್ಲಿ ಈಗಾಗಲೇ ಇದೆ.

ಬೇಕಾಗುವ ಸಲಕರಣೆಯೂ ಅತಿ ಸ್ವಲ್ಪ. ರೋಗಿಯ ಶಕ್ತಿಯನ್ನು ಅಳೆಯಲು ಟ್ರೆಡ್‌ಮಿಲ್ ಇಲ್ಲದಿದ್ದರೆ ಆರು ನಿಮಿಷದ ನಡಿಗೆ ಪರೀಕ್ಷೆ ಸಾಕಾಗುತ್ತದೆ. 30 ಮೀಟರ್ ಉದ್ದದ ಸಮತಟ್ಟಾದ ಜಾಗದ ಎರಡು ತುದಿಗಳಲ್ಲಿ ಎರಡು ಕುರ್ಚಿಗಳನ್ನಿಟ್ಟು, ಅವುಗಳ ನಡುವೆ ರೋಗಿ ತನ್ನದೇ ವೇಗದಲ್ಲಿ ಹೋಗಿಬರುತ್ತ ಆರು ನಿಮಿಷದಲ್ಲಿ ಎಷ್ಟು ದೂರ ನಡೆದನೆಂದು ಬರೆದಿಟ್ಟು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಿಂದ ನಾಡಿ ಮತ್ತು ಆಮ್ಲಜನಕವನ್ನು ನೋಡಿದರಾಯಿತು. ಶಾಲೆಯ ಉದ್ದನೆಯ ಜಗಲಿಯಾಗಲಿ ಆರೋಗ್ಯ ಕೇಂದ್ರದ ಅಂಗಳವಾಗಲಿ ಇದಕ್ಕೆ ಒದಗುತ್ತದೆ. ದಣಿವನ್ನು ಅಳೆಯಲು ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಅಳತೆಪಟ್ಟಿಯನ್ನು ವೈದ್ಯರು ಬಳಸುತ್ತಾರೆ; ಅಂಕಿ ತಿಳಿಯದವರಿಗೆ ನಡೆಯುತ್ತ ಮಾತಾಡಲು ಆಗುತ್ತಿರಬೇಕು, ಹಾಡಲು ಆಗುವಷ್ಟು ಹಗುರವೂ ಇರಬಾರದು ಎಂಬ ಸೂತ್ರ ಸಾಕು, ಮತ್ತು ಇದನ್ನು ವಿವರಿಸಲು ಈ ಸೀಮೆಯಲ್ಲಿ ಯಕ್ಷಗಾನದ ಭಾಗವತರ ಉಸಿರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆಹಾರದಲ್ಲಿ ಉಪ್ಪು ಕಡಿಮೆ ಮಾಡಬೇಕೆಂಬ ಉಪದೇಶ ಒಣಮೀನು, ಮಿಡಿ ಉಪ್ಪಿನಕಾಯಿ, ಹಪ್ಪಳ, ಗಂಜಿಗೆ ಉದುರಿಸುವ ಕಲ್ಲುಪ್ಪು ಇವುಗಳ ಹೆಸರು ಹಿಡಿದು ಹೇಳಿದಾಗ ಮಾತ್ರ ಅಡುಗೆಮನೆಯನ್ನು ತಲುಪುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಅಗತ್ಯವಿರುವುದು ಹೆಲ್ಲರ್‌ಸ್ಟೈನ್ ಉಕ್ಕಿನ ಕೆಲಸಗಾರರಿಗೆ ಮಾಡಿದಂಥ ಕೆಲಸವನ್ನು ಇಲ್ಲಿನ ದುಡಿಮೆಗಳಿಗೆ ಮಾಡುವುದು. ಅಡಿಕೆ ಮರ ಹತ್ತಿ ಕೊನೆ ಇಳಿಸುವುದು, ತೆಂಗಿನಕಾಯಿ ಕೊಯ್ಯುವುದು, ಅಲೆಯ ಮೇಲೆ ಬಲೆ ಎಳೆಯುವುದು, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆ ಮನೆ ಸುತ್ತುವುದು, ದೂರದ ಬೆಂಗಳೂರು ಮುಂಬೈಗಳ ಹೋಟೆಲಿನಲ್ಲಿ ಬೆಂಕಿಯ ಮುಂದೆ ಹನ್ನೆರಡು ತಾಸು ನಿಲ್ಲುವುದು, ಕಿರೀಟ ಭುಜಕೀರ್ತಿಗಳ ಭಾರ ಹೊತ್ತು ಇರುಳಿಡೀ ಕುಣಿಯುವುದು ಇವೆಲ್ಲವೂ ಹೃದಯದಿಂದ ಒಂದೊಂದು ಬಗೆಯ ಬೆಲೆ ಕೇಳುವ ಕೆಲಸಗಳು. ಕಚೇರಿಯ ನೌಕರನಿಗೆ ಹೇಳುವ ಮಾತನ್ನೇ ಇವರಿಗೂ ಹೇಳಿ ಕಳುಹಿಸಿದರೆ, ಒಂದೋ ಹೊಟ್ಟೆಪಾಡಿಗಾಗಿ ಅವರು ಹದಿನೈದನೆಯ ದಿನವೇ ದೋಣಿ ಹತ್ತುತ್ತಾರೆ, ಇಲ್ಲವೇ ಹೆದರಿ ದುಡಿಮೆಯನ್ನೇ ಬಿಟ್ಟು ಮನೆಯನ್ನು ಸಾಲಕ್ಕೆ ನೂಕುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ಇರುವ 61 ದಿನಗಳ ನಿಷೇಧದ ಅವಧಿಯು, ಬೇಸಗೆಯ ಕೊನೆಗೆ ಹೃದಯಾಘಾತವಾದ ಗಂಗೊಳ್ಳಿಯ ಮೀನುಗಾರನಿಗೆ ಪುನಶ್ಚೇತನದ ಎರಡು ತಿಂಗಳಾಗಿ ತಾನಾಗಿಯೇ ಒದಗುತ್ತದೆ. ಉಳಿದ ಕಾಲದಲ್ಲಿ ಅಂಥ ಬಿಡುವನ್ನು ವೈದ್ಯರೂ ಮನೆಯವರೂ ಸೇರಿ ಮಾಡಿಕೊಡಬೇಕಾಗುತ್ತದೆ.

2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಗಳು ಫೋನಿನ ಮೂಲಕ ಸಲಹೆ ಕೊಡುವುದಕ್ಕೆ ಸ್ಪಷ್ಟ ಚೌಕಟ್ಟು ಒದಗಿಸಿರುವುದರಿಂದ ಮುಂದಿನ ಹೆಜ್ಜೆಗೆ ನಿಯಮದ ಅಡ್ಡಿಯೂ ಇಲ್ಲ. ಇಸಿಜಿಯ ಚಿತ್ರ ಕಳುಹಿಸುವ ಫೋನಿನಲ್ಲಿಯೇ ವಾರಕ್ಕೊಮ್ಮೆ ನಡಿಗೆಯ ದೂರ, ನಾಡಿ, ರಕ್ತದೊತ್ತಡ, ತೂಕ, ತಪ್ಪಿದ ಮಾತ್ರೆಗಳ ಲೆಕ್ಕವನ್ನು ಕಳುಹಿಸಬಹುದು. ರೋಗಿಯ ಹೆಸರು ಗುರುತುಗಳನ್ನು ಮರೆಮಾಡುವ ಎಚ್ಚರ ಮಾತ್ರ ಗುಂಪಿನ ಪ್ರತಿಯೊಬ್ಬರಲ್ಲಿಯೂ ಇರಬೇಕಾಗುತ್ತದೆ, ಏಕೆಂದರೆ ಸಣ್ಣ ಊರಿನಲ್ಲಿ ವಯಸ್ಸು ಮತ್ತು ಕೇರಿಯ ಹೆಸರಷ್ಟೇ ಸಾಕು, ಯಾರೆಂದು ತಿಳಿದುಬಿಡುತ್ತದೆ. ದಾಖಲೆಯ ವಿಷಯದಲ್ಲಿ ಕರಾವಳಿಗೆ ವಿಶೇಷವಾದ ಒಂದು ತೊಂದರೆಯೂ ಇದೆ. ಇಸಿಜಿ ಯಂತ್ರದಿಂದ ಬರುವ ಥರ್ಮಲ್ ಕಾಗದದ ಮೇಲಿನ ಗೆರೆ ಶಾಯಿಯದಲ್ಲ, ಶಾಖದಿಂದ ಮೂಡಿದ್ದು. ಸೆಖೆ, ಬೆಳಕು, ತೇವ ಮೂರೂ ಅದಕ್ಕೆ ಶತ್ರುಗಳು. ಆಸ್ಪತ್ರೆಯಿಂದ ತಂದ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಸುತ್ತಿ, ಮಾಡಿನ ಜಂತಿಗೆ ಸಿಕ್ಕಿಸಿಯೋ ಕಪಾಟಿನಲ್ಲಿ ಬಟ್ಟೆಯ ಅಡಿಯಲ್ಲಿ ಇರಿಸಿಯೋ ಕಾಪಾಡಿಕೊಂಡು ಬಂದ ಪಟ್ಟಿಯನ್ನು ಮುಂದಿನ ಮಳೆಗಾಲದಲ್ಲಿ ಎದೆ ಹಿಡಿದುಕೊಂಡು ಬಂದ ರೋಗಿ ಬಿಚ್ಚಿ ತೋರಿಸಿದಾಗ, ಅದರ ಮೇಲೆ ಬೂದುಬಣ್ಣದ ಕಲೆಯಷ್ಟೇ ಉಳಿದಿರುವುದುಂಟು. ಹೃದಯಸ್ನಾಯು ಸತ್ತ ಜಾಗದ ಗುರುತು ಇಸಿಜಿಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಹಳೆಯ ಗೆರೆ ಪಕ್ಕದಲ್ಲಿಲ್ಲದೆ ಹೊಸ ಗೆರೆಯಲ್ಲಿ ಕಾಣುವ ಬದಲಾವಣೆ ಹಿಂದಿನ ಆಘಾತದ ಕಲೆಯೋ ಈಗ ನಡೆಯುತ್ತಿರುವ ಆಘಾತವೋ ಎಂದು ಹೇಳುವುದು ನುರಿತ ತಜ್ಞರಿಗೂ ಕಷ್ಟ. ಅಂಥ ಹೊತ್ತಿನಲ್ಲಿ ಆರೋಗ್ಯ ಕೇಂದ್ರದ ವೈದ್ಯರು ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಹೋಗಿ, ಅದೇ ರೋಗಿಯ ಹೋದ ವರ್ಷದ ಚಿತ್ರವನ್ನು ತೆರೆದು, ಈಗ ತಾನೇ ಯಂತ್ರದಿಂದ ಹರಿದು ತೆಗೆದ, ಇನ್ನೂ ಬೆಚ್ಚಗಿರುವ ಕಾಗದದ ಪಕ್ಕದಲ್ಲಿ ಹಿಡಿದು, ಎರಡನ್ನೂ ಸಾಲುಸಾಲಾಗಿ ಹೋಲಿಸಿ ನೋಡುತ್ತಾರೆ.